ದುಭಾಷಿ ನಿನ್ನಪ್ಪ

ಹಗರೆ,
ಬುಧವಾರ, 19 ಮಾರ್ಚ್ 2003

ಪ್ರೀತಿಯ ಹೇಮಾಶ್ರೀಗೆ,

ನಿನ್ನ ತಲೆ ನೇವರಿಸಿ ಅಮ್ಮ ಬರೆಯುತ್ತಿರುವುದು. ಭಾನುವಾರದ ಸಮಾಚಾರವನ್ನು ಸೋಮವಾರವೇ ಬರೆಯುತ್ತೇನೆಂದು ಹೇಳಿ ಬುಧವಾರಕ್ಕೆ ತಂದು ನಿಲ್ಲಿಸಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲೇ ಹೇಳಿಬಿಡೋಣವೆಂದರೆ ಅದಿರುವುದು ನಡುಮನೆಯಲ್ಲಿ, ಅದರ ಪಕ್ಕದಲ್ಲೇ ನಿನ್ನಪ್ಪನ ಕುರ್ಚಿ. ನೀನು ಫೋನು ಮಾಡಿದಾಗಲೆಲ್ಲ ನಾನು ಹೂಂ, ಊಟ ಆಯಿತು, ಹೂಂ, ಮಾತ್ರೆ ತಗೊಂಡರು ಎಂದು ಪಾಠ ಒಪ್ಪಿಸುವುದು ಅದಕ್ಕೇ. ಕಾಗದ ಬರೆಯಲು ಕೂತರೆ ಒಂದು ದಿನ ಕೆಂದ ಹಸು ಕರು ಹಾಕಿತು, ಇನ್ನೊಂದು ದಿನ ನಿನ್ನತ್ತಿಗೆ ಸುಷ್ಮಿತಾಳ ತವರಿನವರು ಗೆಂಡೆಹಳ್ಳಿಯಿಂದ ಬಂದು ಸಾಯಂಕಾಲದವರೆಗೂ ಏಳಲಿಲ್ಲ. ಈಗ ನಿನ್ನಣ್ಣ ಉಮೇಶ ಹಾಲಿನ ಡೇರಿಗೆ ಹೋಗಿದ್ದಾನೆ, ನಿನ್ನಪ್ಪ ತೋಟದಲ್ಲಿ ಎಳನೀರು ಕೀಳಿಸುತ್ತಿದ್ದಾರೆ. ನಾನು ಹಿತ್ತಲ ಜಗಲಿಯ ಮೇಲೆ ಕೂತಿದ್ದೇನೆ.

ಮೊದಲು ಅವರ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕಿದ್ದನ್ನು ಬಿಟ್ಟು ನೀನು ಅದನ್ನೇ ಹುಡುಕುತ್ತೀಯ. ಜ್ವರ ಬಿಟ್ಟಿದೆ. ತೊಡೆಸಂದಿಯಲ್ಲಿ ಸೂಜಿ ಚುಚ್ಚಿದ ಜಾಗ ಮಾಗಿದೆ, ನೀಲಿಗಟ್ಟಿದ್ದು ಹಳದಿಗೆ ತಿರುಗಿದೆ. ಬಲಪಕ್ಕೆ ಭಾರ ಎನ್ನುತ್ತಾರೆ, ಆದರೂ ನಿನ್ನೆ ಹುರುಳಿ ಬಸ್ಸಾರಿಗೆ ಮುದ್ದೆಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಲಿವರಿನಲ್ಲಿ ಒಂದು ಗಂಟಿತ್ತು, ಅದು ಕರಗುತ್ತಿದೆ ಎಂದೇ ಅವರು ತಿಳಿದಿದ್ದಾರೆ. ನೀನು ಹೇಳಿದ್ದೂ ಅದನ್ನೇ, ನಾನು ಹೇಳಿದ್ದೂ ಅದನ್ನೇ. ಕ್ಯಾನ್ಸರ್ ಎಂಬ ಮಾತು ನಮ್ಮ ಹೊಸಿಲು ದಾಟಿ ಒಳಗೆ ಬಂದಿಲ್ಲ. ಒಂದು ವರ್ಷ, ದೇವರು ದೊಡ್ಡ ಮನಸ್ಸು ಮಾಡಿದರೆ ಇನ್ನೊಂದಿಷ್ಟು ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದು ಹೇಳಿದ್ದು ನಮ್ಮಿಬ್ಬರಲ್ಲಿ ಮತ್ತು ಉಮೇಶನಲ್ಲಿ ಇದೆ, ಅಷ್ಟೇ. ನಮ್ಮ ಕಡೆ ರೋಗಿಗೆ ರೋಗದ ಹೆಸರು ಹೇಳಿದವರು ಯಾರಿದ್ದಾರೆ? ನಿನ್ನ ಅಜ್ಜನಿಗೂ ಕೊನೆಯವರೆಗೆ ಹೊಟ್ಟೆಹುಣ್ಣು ಎಂದೇ ಹೇಳಿಕೊಂಡು ಬಂದರು.

ಊರಿಗೆ ಬಂದ ಮೇಲೂ ನನ್ನ ಕಣ್ಣಿಗೆ ಕಟ್ಟಿರುವುದು ನಿಮ್ಮ ಆಸ್ಪತ್ರೆಯ ಆ ಕತ್ತಲೆ ಸಭಾಂಗಣ. ದೇಶ ದೇಶದ ಡಾಕ್ಟರುಗಳು ತರಬೇತಿಗೆಂದು ಬಂದಿದ್ದರಲ್ಲ. ಮೇಲಿನ ಕೋಣೆಯಲ್ಲಿ ಒಬ್ಬರು ನಿಜವಾದ ರೋಗಿಗೆ ಚಿಕಿತ್ಸೆ ಮಾಡುತ್ತಾರೆ, ಕೆಳಗೆ ಅಷ್ಟೂ ಜನ ಅದನ್ನು ಪರದೆಯ ಮೇಲೆ ನೋಡುತ್ತಾ ಮೈಕಿನಲ್ಲಿ ಪ್ರಶ್ನೆ ಕೇಳುತ್ತಾರೆ, ನಮ್ಮಲ್ಲಿ ಪಾಠ ನಡೆಯುವುದೇ ಹೀಗೆ ಎಂದು ನೀನು ಹೇಳಿದಾಗ, ನಿನ್ನಪ್ಪನನ್ನು ಹಾಗೆ ಎಲ್ಲರೆದುರು ಮಲಗಿಸುವುದೇ ಎಂದು ನಾನು ಜಗಳಕ್ಕೇ ಬಿದ್ದಿದ್ದೆ. ಟರ್ಕಿ ದೇಶದ ಡಾಕ್ಟರ್ ಎಮಿನೆ ಈ ಕೆಲಸದಲ್ಲಿ ಪಳಗಿದವರು, ಅವರ ಕೈ ನಮಗೆ ಮತ್ತೆ ಸಿಗುವುದಿಲ್ಲ ಎಂದು ನೀನು ಹಟ ಹಿಡಿದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ತೊಡೆಯ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ ಲಿವರಿನವರೆಗೆ ಹೋಗಿ, ಆ ಗಂಟಿಗೆ ಅನ್ನ ನೀರು ಕೊಡುವ ನಾಳವನ್ನೇ ಔಷಧಿ ಇಟ್ಟು ಮುಚ್ಚಿ ಬರುತ್ತಾರೆ ಎಂದೆ. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಿದೆ.

ಪರದೆ ಮೊದಲು ಬರೀ ಬೂದಿ ಬಣ್ಣ. ಔಷಧಿ ಬಿಟ್ಟ ಕೂಡಲೇ ಕಪ್ಪು ಎಳೆಯೊಂದು ಮೂಡಿತು, ಕವಲೊಡೆಯಿತು, ಕವಲಿನ ತುದಿಗಳೆಲ್ಲ ಚಿಗುರಿದವು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನಿಂತು, ಬಂದ ಹಾಗೆಯೇ ಮಾಸಿ ಹೋದವು. ಮತ್ತೆ ಮೂಡಿದವು, ಮತ್ತೆ ಮಾಸಿದವು. ಅದು ನಿನ್ನಪ್ಪ ಎಂದು ನನ್ನ ಬುದ್ಧಿಗೆ ಹೊಳೆಯುವುದೇ ತಡವಾಯಿತು. ಇಷ್ಟು ವರ್ಷ ಸಂಸಾರ ಮಾಡಿದ ನಾನು ನೋಡದ ಅವರ ಒಳಗನ್ನು ಆ ಕತ್ತಲಲ್ಲಿ ಕೂತ ಯಾರು ಯಾರೋ ನನ್ನ ಜೊತೆಗೇ ನೋಡುತ್ತಿದ್ದರು. ಹೊಟ್ಟೆಕಿಚ್ಚಾಯಿತು ಕಣೇ, ನಗಬೇಡ. ಆಮೇಲೆ ಅದೂ ಹೋಗಿ ಮೈಯೆಲ್ಲ ಹಗುರಾಯಿತು. ನಾನು ಕೂತಿರುವುದು ಆಸ್ಪತ್ರೆ ಎಂಬುದು ಮರೆತು, ಇದು ಮುಗಿಯುವುದೇ ಬೇಡ, ಹೀಗೇ ಚಿಗುರುತ್ತಿರಲಿ ಎನಿಸಿತು. ಅಷ್ಟರಲ್ಲಿ ಮುಂದಿನ ಸಾಲಿನ ಯಾರೋ ಮೈಕಿನಲ್ಲಿ ಏನೋ ಕೇಳಿದರು. ಮೇಲಿನ ಕೋಣೆಯಿಂದ ಹೆಂಗಸಿನ ದನಿ ಸ್ವಲ್ಪ ತಡೆದು ಉತ್ತರ ಕೊಟ್ಟಿತು. ನೀನು ತಲೆ ತಗ್ಗಿಸಿದೆ. ಏನಂತೆ ಎಂದು ಕೇಳಿದ್ದಕ್ಕೆ, ನಳಿಕೆ ಎಷ್ಟು ಸಣ್ಣದು ಅಂತ ಕೇಳಿದರಮ್ಮ ಎಂದೆ. ಇಂಗ್ಲಿಷು ಬಾರದವಳು, ನಂಬಿದೆ.

ಇರಲಿ, ಭಾನುವಾರಕ್ಕೆ ಬರುತ್ತೇನೆ. ತರಬೇತಿ ಶಿಬಿರ ಮುಗಿದ ಮೇಲೂ ಎಮಿನೆ ಇನ್ನೊಂದು ವಾರ ಉಳಿದು ಪಾಠ ಹೇಳಿದರೆಂದೂ, ಬೇಲೂರು ಹಳೇಬೀಡು ತೋರಿಸಲು ಅವರನ್ನು ಆಸ್ಪತ್ರೆಯ ಕಾರಿನಲ್ಲಿ ಕಳಿಸುತ್ತಿದ್ದೇವೆಂದೂ, ನಿನಗೆ ಡ್ಯೂಟಿ ಇರುವುದರಿಂದ ಬರಲಾಗುವುದಿಲ್ಲವೆಂದೂ ನೀನು ಶನಿವಾರ ಹೇಳಿದ್ದು ಸರಿಯೇ. ಅದರ ಹಿಂದೆಯೇ ದನಿ ತಗ್ಗಿಸಿ, ಅಪ್ಪ ಎಮಿನೆ ಹತ್ತಿರ ಒಬ್ಬರೇ ಮಾತಾಡೋಕೆ ಮಾತ್ರ ಬಿಡಬೇಡ ಎಂದೆಯಲ್ಲ, ಅಲ್ಲಿಂದ ನನ್ನ ನಿದ್ದೆ ಹೋಯಿತು. ಅವರ ದೇಶದ ಹಳ್ಳಿಗಳಲ್ಲೂ ಹೀಗೇ ಮುಚ್ಚಿಡುತ್ತಾರಂತೆ, ತಾವಾಗಿ ಬಾಯಿ ಬಿಡುವುದಿಲ್ಲ, ಆದರೆ ಅಪ್ಪ ಕೆದಕಿ ಕೇಳಿದರೆ ಸುಳ್ಳು ಹೇಳುವವರಲ್ಲ ಎಂದೆ. ನಿನ್ನಪ್ಪನೋ, ಅರಸೀಕೆರೆ ಜಂಕ್ಷನ್ನಿನಲ್ಲಿ ಅಷ್ಟು ಕಾಲ ಗಾರ್ಡ್ ಕೆಲಸ ಮಾಡಿ, ಆಂಗ್ಲೋ ಇಂಡಿಯನ್ ಡ್ರೈವರುಗಳ ಜೊತೆ ಹರಟಿ ಹರಟಿ ಇಂಗ್ಲಿಷನ್ನು ಅರೆದು ಕುಡಿದವರು.

ಬೇಲೂರು ಮುಗಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ನಮ್ಮನೆಗೆ ಊಟಕ್ಕೆ ಬಂದರು. ಎಮಿನೆ ಜೊತೆ ನೇಪಾಳದ ಇಬ್ಬರು ಹುಡುಗ ಡಾಕ್ಟರುಗಳು. ಎಮಿನೆ ನನಗಿಂತ ಒಂದು ಗೇಣು ಎತ್ತರ, ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದಾರೆ. ಒಳಗೆ ಬಂದವರು ಕೂರಲೇ ಇಲ್ಲ. ನಿನ್ನಪ್ಪನ ಮುಂದೆ ನಿಂತು ಮುಖವನ್ನೇ ನೋಡಿದರು. ನಾವು ಕೆಲಸ ಮಾಡುವಾಗ ರೋಗಿಯ ಮುಖ ನೋಡುವುದಿಲ್ಲ, ಪರದೆ ನೋಡುತ್ತೇವೆ, ಇವರ ಲಿವರಿನ ಒಂದೊಂದು ನಾಳವೂ ನನಗೆ ಗೊತ್ತು, ಮುಖ ಮಾತ್ರ ಗೊತ್ತಿರಲಿಲ್ಲ ಎಂದರಂತೆ. ಎಂದರಂತೆ ಅನ್ನುವುದು ಯಾಕೆಂದರೆ ಅದನ್ನು ನನಗೆ ಕನ್ನಡದಲ್ಲಿ ಹೇಳಿದವರೇ ನಿನ್ನಪ್ಪ. ಆಗ ನನಗೆ ಹೊಳೆಯಿತು. ಉಮೇಶನ ಇಂಗ್ಲಿಷು ಡೇರಿ ರಸೀದಿಯಿಂದಾಚೆ ಹೋಗುವುದಿಲ್ಲ, ಸುಷ್ಮಿತಾ ಬಾಗಿಲ ಹಿಂದಿನಿಂದ ಈಚೆ ಬರುವುದಿಲ್ಲ. ಯಾರಿಂದ ಮುಚ್ಚಿಡಬೇಕೋ ಅವರೇ ಮನೆಗೆಲ್ಲ ದುಭಾಷಿ. ದಯವಿಟ್ಟು ಇವರಿಗೆ ಏನೂ ಹೇಳಬೇಡಿ ಎಂದು ಎಮಿನೆಗೆ ತಿಳಿಸಬೇಕಾದರೆ ಅದನ್ನೂ ನಾನು ಇವರಿಗೇ ಹೇಳಿ ಹೇಳಿಸಬೇಕು.

ಕೊನೆಗೆ ರೈಲ್ವೆ ಕಾಲೋನಿಯ ಹಿಂದಿ ನೆನಪಿಗೆ ಬಂತು. ಕೈ ತೊಳೆಯುವ ನೆಪದಲ್ಲಿ ನೇಪಾಳದ ಹುಡುಗನೊಬ್ಬನನ್ನು ಬಚ್ಚಲ ಕಡೆಗೆ ಕರೆದುಕೊಂಡು ಹೋಗಿ, ಉನ್ಕೋ ಕುಛ್ ಮತ್ ಬೋಲೋ ಬೇಟಾ, ಮೇಡಮ್ಮಿಗೆ ಹೇಳು ಎಂದು ಕಲಬೆರಕೆ ಮಾಡಿ ಹೇಳಿದೆ. ಹೇಮಾ ಮೇಡಂ ನಮಗೆಲ್ಲ ಮೊದಲೇ ಹೇಳಿದ್ದಾರೆ ಮಾಂಜಿ ಎಂದು ಅವನು ನನ್ನ ಕೈ ಹಿಡಿದುಕೊಂಡ. ಒಳ್ಳೆ ಮಗು. ಒಬ್ಬಟ್ಟಿಗೆ ಇನ್ನೂ ಎರಡು ಚಮಚ ತುಪ್ಪ ಹಾಕಿದೆ.

ಊಟವಾದ ಮೇಲೆ ಎಮಿನೆ ಕಂಬಕ್ಕೆ ಒರಗಿ ಸೊಂಟ ಹಿಡಿದುಕೊಂಡರು. ಈ ಕೆಲಸದಲ್ಲಿ ಎಕ್ಸರೇ ತಾಗದಿರಲೆಂದು ಸೀಸದ ಅಂಗಿ ತೊಟ್ಟು ದಿನವಿಡೀ ನಿಲ್ಲಬೇಕಂತೆ, ವಯಸ್ಸೆಲ್ಲ ಅದನ್ನೇ ಹೊತ್ತು ಬೆನ್ನು ಹೋಗಿದೆಯಂತೆ. ನೀನೂ ಅದನ್ನೇ ಹೊರುತ್ತಿದ್ದೀಯ, ಒಂದು ದಿನವೂ ನನಗೆ ಹೇಳಲಿಲ್ಲ. ಗಂಡಸರನ್ನೆಲ್ಲ ತೋಟಕ್ಕೆ ಅಟ್ಟಿ, ಒಳಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿ ಹರಳೆಣ್ಣೆ ಬಿಸಿ ಮಾಡಿ ಸೊಂಟ ನೀವಿದೆ. ಮಾತಿಲ್ಲ ಕತೆಯಿಲ್ಲ. ನಾನು ಕನ್ನಡದಲ್ಲಿ ಏನೋ ಗೊಣಗುತ್ತೇನೆ, ಅವರು ಅವರ ಭಾಷೆಯಲ್ಲಿ ಏನೋ ಗೊಣಗುತ್ತಾರೆ. ಸ್ವಲ್ಪ ಹೊತ್ತಿಗೆ ಗೊರಕೆಯೇ ಬಂತು. ನಿನ್ನಪ್ಪನ ಒಳಗೆ ಹೋಗಿ ಬಂದ ಕೈ ಇದೇ ಅಲ್ಲವೇ ಎಂದು ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ನನ್ನ ಬೆರಳಿನಷ್ಟೇ ದಪ್ಪ, ಹೆಬ್ಬೆರಳಿನ ಹತ್ತಿರ ಒಂದು ಸುಟ್ಟ ಕಲೆ.

ಹಳೇಬೀಡಿಗೆ ನಾನೂ ಬತ್ತೀನಿ ಎಂದು ನಿನ್ನಪ್ಪ ಹಟ ಮಾಡಿದರು. ಬೇಡವೆಂದರೆ ಯಾಕೆ ಎನ್ನುತ್ತಾರೆ. ಉಮೇಶನ ವ್ಯಾನಿನಲ್ಲಿ ಹೊರಟೆವು. ದೇವಸ್ಥಾನದಲ್ಲಿ ನಾನು ನಿನ್ನಪ್ಪನಿಗೂ ಎಮಿನೆಗೂ ನಡುವೆಯೇ ನಡೆದೆ. ಇವರು ಗೋಡೆ ತೋರಿಸಿದರೆ ನಾನು ಅಡ್ಡ ನಿಂತೆ, ಅವರು ಪ್ರಶ್ನೆ ಕೇಳಿದರೆ ನಾನು ನೀರು ಕುಡೀರಿ ಎಂದು ಬಾಟಲಿ ಚಾಚಿದೆ. ಇವಳಿಗೇನು ಬಂತು ಎಂದು ನಿನ್ನಪ್ಪ ಎರಡು ಸಲ ನನ್ನನ್ನು ಗುರಾಯಿಸಿದರು.

ಬಿಸಿಲಿತ್ತು. ಊಟ ಭಾರವಾಗಿತ್ತು. ಒಂದು ಗಳಿಗೆ ಕೂರೋಣವೆಂದು ನಂದಿಮಂಟಪದ ನೆರಳಿನಲ್ಲಿ ಕಂಬಕ್ಕೆ ತಲೆ ಆನಿಸಿದೆ. ಕಲ್ಲು ತಣ್ಣಗಿತ್ತು. ನಿದ್ದೆಯೋ ಎಚ್ಚರವೋ ನನಗೇ ಗೊತ್ತಿಲ್ಲ, ಎದುರಿನ ಗೋಡೆಯ ಮೇಲೆ ಕೆತ್ತಿದ ಬಳ್ಳಿಗಳು ಬುಡದಿಂದ ಕಪ್ಪಾಗುತ್ತಾ ಬಂದವು. ಒಂದೊಂದು ಸುರುಳಿಯಾಗಿ ತುಂಬಿಕೊಂಡು ತುದಿಯವರೆಗೆ ಹೋಗಿ, ಮತ್ತೆ ಬರಿದಾಗಿ ಬಿಳುಚಿದವು. ಯಾರೋ ಗೋಡೆಯ ಹಿಂದೆ ಕೂತು ಔಷಧಿ ಬಿಡುತ್ತಿದ್ದಾರೆ ಎಂದುಕೊಂಡೆ. ನಿನ್ನಪ್ಪ ಗಾರ್ಡ್ ಸಮವಸ್ತ್ರದಲ್ಲಿ ಆ ಗೋಡೆಯ ಮುಂದೆ ನಿಂತು ಹಸಿರು ಬಾವುಟ ಹಿಡಿದಿದ್ದರು, ಆದರೆ ಬೀಸುತ್ತಿರಲಿಲ್ಲ. ಹೊತ್ತಾಯಿತು ಬೀಸಿ ಎಂದು ಹೇಳಬೇಕೆಂದರೆ ನನಗೆ ಬಾಯಿ ಏಳಲಿಲ್ಲ. ಹೆದರಿಕೆಯೇನೂ ಆಗಲಿಲ್ಲ. ಒಂದು ಥರ ಸುಖವಾಗಿಯೇ ಇತ್ತು.

ಕಣ್ಣು ಬಿಟ್ಟರೆ ಇಬ್ಬರೂ ಇಲ್ಲ. ಎದ್ದು ಬಿದ್ದು ಓಡಿದೆ. ಕೆರೆ ಕಾಣುವ ಕಡೆ ಹುಲ್ಲಿನ ಮೇಲೆ ಅಕ್ಕಪಕ್ಕ ಕೂತು ಮಾತಾಡುತ್ತಿದ್ದರು, ನೇಪಾಳದ ಹುಡುಗರು ದೂರದಲ್ಲಿ ಫೋಟೋ ತೆಗೆಯುತ್ತಿದ್ದರು. ಎಮಿನೆಯ ಕಣ್ಣು ಕೆಂಪಗಿತ್ತು. ಏನು ಮಾತು ಎಂದು ಕೇಳಿದ್ದಕ್ಕೆ ನಿನ್ನಪ್ಪ ಆರಾಮಾಗಿ, "ಹೇಮಂಗೆ ಒಂದು ವರ್ಷ ಅವರೂರಿಗೆ ಬಂದು ಈ ಕೆಲಸ ಕಲಿ ಅಂತ ಕರೆದವ್ರೆ ಕಣೇ. ನಿನ್ ಮಗಳು ಆಗಲ್ಲ ಅಂದವ್ಳಂತೆ. ಯಾಕೆ ಅಂತ ನಿಂಗೇನಾರ ಗೊತ್ತಾ?" ಎಂದರು.

ನನಗೆ ಹೇಗೆ ಗೊತ್ತಿರಬೇಕು? ಅದನ್ನು ನನ್ನಿಂದಲೂ ಮುಚ್ಚಿಟ್ಟಿದ್ದೆಯಲ್ಲೇ. ಆದರೆ ವರ್ಷ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಯಾಕೆಂದು ಗೊತ್ತಾಯಿತು. ಆ ವರ್ಷ ಯಾವುದು ಎಂದು ನಮಗಿಬ್ಬರಿಗೂ ಗೊತ್ತಲ್ಲ. ಪರದೇಶದಲ್ಲಿ ಒಬ್ಬಳೇ ಇರಬೇಕಲ್ಲ ಅಂತ ಹೆದರಿರಬಹುದು ಎಂದೆ. ಅವಳು ಹೆದರುವ ಪೈಕಿಯೇ ಎಂದು ಅವರು ನಕ್ಕರು. ಹೊರಡುವಾಗ ಎಮಿನೆ ನನ್ನ ಕೆನ್ನೆಗೆ ಕೆನ್ನೆ ಒತ್ತಿ ತುಂಬ ಹೊತ್ತು ಹಾಗೇ ನಿಂತರು. ಬೆನ್ನು ನೀವಿದ್ದಕ್ಕೆ ಇಷ್ಟೊಂದು ಉಪಕಾರ ಸ್ಮರಣೆಯೇ ಎಂದುಕೊಂಡೆ.

ನಿಜ ಹೇಳುತ್ತೇನೆ, ನೀನು ಹೋಗುವುದಿಲ್ಲ ಎಂದದ್ದು ಕೇಳಿ ನನಗೆ ಹಿಗ್ಗಾಯಿತು. ನೀನು ಹತ್ತಿರವಿದ್ದರೆ ನನಗೆ ಧೈರ್ಯ. ಅದರ ಹಿಂದೆಯೇ ಸಂಕಟವೂ ಆಯಿತು, ಯಾಕೆಂದರೆ ಆ ಕೆಲಸದ ಮೇಲೆ ನಿನಗೆಷ್ಟು ಆಸೆ ಎಂಬುದನ್ನು ಆ ಕತ್ತಲೆ ಕೋಣೆಯಲ್ಲಿ ನಿನ್ನ ಮುಖದಲ್ಲೇ ನೋಡಿದ್ದೇನೆ. ಈಗ ಇನ್ನೊಂದು ಪೇಚು. ಸೋಮವಾರದಿಂದ ನಿನ್ನಪ್ಪ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಮಗಳು ಟರ್ಕಿಗೆ ಹೋಗುತ್ತಾಳೆ ಎಂದು ಸಾರಿಕೊಂಡು ಬಂದಿದ್ದಾರೆ. ಅಂಗಡಿ ಷಡಕ್ಷರಪ್ಪ ನಿನ್ನೆ ನನ್ನನ್ನೇ ತಡೆದು, ವಿಮಾನ ಎಲ್ಲಿಂದ ಹತ್ತುತ್ತಾಳೆ ಎಂದು ವಿಚಾರಿಸಿದರು. ನೀನು ಹೋಗದಿದ್ದರೆ ಇವರು ಯಾಕೆ ಯಾಕೆ ಎಂದು ನನ್ನ ಪ್ರಾಣ ಹಿಂಡುತ್ತಾರೆ, ನನ್ನ ಬಾಯಿಂದ ಯಾವತ್ತಾದರೂ ಜಾರೀತು. ಹೋದರೆ, ನೀನು ವಾಪಸು ಬರುವಾಗ ಈ ಮನೆ ಹೇಗಿರುತ್ತದೋ. ಅವರಿಗೆ ಅನುಮಾನ ಬಾರದಂಥ ಒಂದು ಒಳ್ಳೆ ಕಾರಣ ಯೋಚಿಸಿ ಬೇಗ ಬರೆ. ಓದಿದವಳು, ನಿನಗೇ ಹೊಳೆಯಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಣ್ಣೆ ಸ್ನಾನ ಬಿಡಬೇಡ, ಸೊಂಟ ಈಗಿನಿಂದಲೇ ನೋಡಿಕೋ, ಉಮೇಶನ ಕೈಲಿ ಹರಳೆಣ್ಣೆ ಕಳಿಸುತ್ತೇನೆ. ನೀನು ಎಲ್ಲಿದ್ದರೂ ನಿನ್ನ ಕೈ ನಡುಗದಿರಲಿ, ಆ ಕೈ ಮುಟ್ಟಿದವರೆಲ್ಲ ಎದ್ದು ಮನೆಗೆ ನಡೆದುಕೊಂಡು ಹೋಗಲಿ. ಬೇಲೂರಿನ ಚೆನ್ನಕೇಶವ ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಲಲಿತಮ್ಮ

ಮರೆತ ಮಾತು: ಗುರುವಾರ ಬೆಳಿಗ್ಗೆ

ಮರೆತದ್ದಲ್ಲ, ಹೇಮಾ. ನಿನ್ನೆ ಇದು ನನಗೇ ಗೊತ್ತಿರಲಿಲ್ಲ. ಈಗ ತಾನೇ ಕವರಿಗೆ ಗೋಂದು ಹಚ್ಚುತ್ತಿದ್ದೆ, ನಿನ್ನಪ್ಪ ಬಂದು ಜಗಲಿಯ ಮೇಲೆ ಪಕ್ಕದಲ್ಲೇ ಕೂತರು. ಕಾಗದ ಹೇಮಂಗಾ ಎಂದು ಕೇಳಿದರು. ಹೂಂ ಎಂದೆ.

"ನಂಗೇನೂ ಗೊತ್ತಿಲ್ಲ ಅಂತ ಬರ್ದಿದೀಯಾ?" ಎಂದರು.

ಗೋಂದು ಬೆರಳಲ್ಲೇ ಒಣಗಿತು. ಅವರೇ ಹೇಳುತ್ತಾ ಹೋದರು. ಅವತ್ತು ಚಿಕಿತ್ಸೆಗೆ ಮಲಗಿಸಿದಾಗ, ಡಾಕ್ಟರುಗಳ ಇಂಗ್ಲಿಷು ಬೀಳದಿರಲೆಂದು ನೀನು ವಾಕ್‌ಮನ್ನಿಗೆ ಭಾವಗೀತೆಯ ಕ್ಯಾಸೆಟ್ಟು ಹಾಕಿ ಅವರ ಕಿವಿಗೆ ಹಚ್ಚಿ ಕೆಳಗೆ ಬಂದೆಯಂತಲ್ಲ. ಚಿಕಿತ್ಸೆ ಮುಗಿಯುವ ಮೊದಲೇ ಅದರ ಒಂದು ಮಗ್ಗುಲು ಮುಗಿಯಿತು. ತಿರುಗಿಸಿ ಹಾಕುವುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಇವರಿಗೆ ಕೈ ಅಲ್ಲಾಡಿಸುವ ಹಾಗಿರಲಿಲ್ಲ. ಮೂಕವಾದ ಅದನ್ನು ಕಿವಿಗೆ ಕಟ್ಟಿಕೊಂಡು ಮಲಗಿದ್ದಾಗ ತಲೆಯ ಮೇಲಿನ ಸ್ಪೀಕರಿನಲ್ಲಿ ಕೆಳಗಿನ ಸಭಾಂಗಣದಿಂದ ಒಂದು ಗಂಡಸಿನ ದನಿ, ಇಷ್ಟೆಲ್ಲ ಮಾಡಿದರೆ ಈ ರೋಗಿ ಎಷ್ಟು ದಿನ ಉಳಿಯುತ್ತಾನೆ ಎಂದು ಕೇಳಿತು. ಎಮಿನೆ ತಡೆದು, ಒಂದು ವರ್ಷ ಇರಬಹುದು ಎಂದರು.

"ಪಾಪ, ಯಾರಪ್ಪಾ ಅಂದ್ಕಂಡೆ ಕಣೇ. ಆಮ್ಯಾಲೆ ನೋಡುದ್ರೆ ಆ ರೂಮಲ್ಲಿ ಮಲಗಿದ್ದೋನು ನಾನೊಬ್ನೇ."

ನೀನು ಮೇಲೆ ಹೋಗಿ ಅವರ ಕಿವಿಯಿಂದ ಅದನ್ನು ಬಿಚ್ಚಿ, ಹಾಡು ಹೆಂಗಿತ್ತಪ್ಪಾ ಎಂದು ನಗುತ್ತಾ ಕೇಳಿದೆಯಂತೆ. ಚೆನ್ನಾಗಿತ್ತು ಮಗಳೇ ಎಂದರಂತೆ. ಅವತ್ತಿನಿಂದ ಇವತ್ತಿನವರೆಗೂ ಚೆನ್ನಾಗಿತ್ತು ಎಂದೇ ಹೇಳಿಕೊಂಡು ಬಂದಿದ್ದಾರೆ. ಭಾನುವಾರ ಕೆರೆಯ ಹತ್ತಿರ ಎಮಿನೆಗೆ ಇವರೇ ಎಲ್ಲ ಹೇಳಿ, ನನಗೆ ಗೊತ್ತಿದೆ ಎಂಬುದನ್ನು ಮಗಳಿಗೆ ಹೇಳಬೇಡಿ, ಅವಳನ್ನು ಹೇಗಾದರೂ ಮಾಡಿ ಕರೆದುಕೊಂಡು ಹೋಗಿ ಎಂದು ಕೈ ಮುಗಿದರಂತೆ. ಊರಲ್ಲಿ ಸಾರಿದ್ದೂ ಅದಕ್ಕೇ, ನೀನು ಹಿಂದೆಗೆಯದಿರಲಿ ಎಂದು. ಮಗಳು ಹತ್ತಿರ ಇರುವುದು ಬೇಡವೇ ನಿಮಗೆ ಎಂದು ನಾನು ಜಗಳವಾಡಿದೆ.

"ಬ್ಯಾಡ ಅಂತೀನಾ? ಆದ್ರೆ ಅವಳಿಲ್ಲಿದ್ರೆ ನನ್ ಮುಂದೆ ದಿನಾ ನಗ್ತಾಳೆ. ಅವಳ್ ಮುಂದೆ ನಾನೂ ನಗಬೇಕು. ಇರೋ ವರ್ಷ ಇಬ್ರೂ ನಕ್ಕೊಂಡೇ ಕಳ್ದೋಯ್ತದೆ," ಎಂದರು. ನಿನಗೆ ಬರೆಯಕೂಡದೆಂದು ಹೇಳಿ ಎದ್ದು ಹೋದರು. ನಾನು ಹೂಂ ಅನ್ನಲಿಲ್ಲ.

ಹೋಗುವುದೋ ಇರುವುದೋ ಅದನ್ನು ನಾನು ಹೇಳಲಾರೆ, ನೀವಿಬ್ಬರೂ ಎದುರುಬದುರು ಕೂತು ಹೇಳಿಕೊಳ್ಳಿ. ಶನಿವಾರ ಫೋನು ಮಾಡಬೇಡ, ನೀನೇ ಹೊರಟು ಬಾ. ನಗುತ್ತಾ ಬರಬೇಡ ಮಗಳೇ. ಅವರ ಪಕ್ಕ ಕೂತು ಒಂದು ಸಲ ಅತ್ತುಬಿಡು, ಅವರೂ ಅಳಲಿ. ಇಷ್ಟು ದಿನ ದನದ ಕೊಟ್ಟಿಗೆಯಲ್ಲಿ ಒಬ್ಬಳೇ ಅಳುತ್ತಿದ್ದೆ, ನಾನೂ ಒಳಗೆ ಬಂದು ನಿಮ್ಮ ಜೊತೆ ಕೂರುತ್ತೇನೆ.